ಮಾವನ ಹಾಜರಿ ಪುಸ್ತಕ

ಹಳೇ ಕನ್ನಡ ಸಿನಿಮಾ ನೋಡೋದು ಈಗ ಎಷ್ಟು ಸುಲಭ ಅಂತ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಫೋನಿನಲ್ಲಿ ಹೆಸರು ಒತ್ತಿದರೆ ಸಾಕಂತೆ, ಎಲ್ಲ ಬರುತ್ತದಂತೆ, ಅದೂ ಪುಕ್ಕಟೆಯಂತೆ. ಬರುತ್ತೆ ಸ್ವಾಮೀ, ಬರೋದೇನೋ ಬರುತ್ತೆ. ನೋಡೋದಕ್ಕೆ ಬಿಡಬೇಕಲ್ಲ!

ಮೊನ್ನೆ ಭಾನುವಾರ ಮಧ್ಯಾಹ್ನ ‘ನಾಗರಹಾವು’ ಹಾಕಿಕೊಂಡು ಕೂತೆ. ಊಟ ಆಗಿತ್ತು. ಪಾತ್ರೆ ತೊಳೆದಾಗಿತ್ತು. ಕರೆಂಟು ಇತ್ತು, ನೆಟ್ಟೂ ಇತ್ತು. ಇವೆರಡೂ ಒಟ್ಟಿಗೆ ಕೂಡಿಬರುವುದೇ ಒಂದು ಯೋಗ. ಅಷ್ಟರಲ್ಲಿ ಪಕ್ಕದ ಕುರ್ಚಿಗೆ ನಮ್ಮ ಸೋದರಮಾವ ಬಂದರು. ಪಂಚೆ ಸರಿಮಾಡಿಕೊಂಡು ಕಾಲು ಮಡಚಿ ಕೂತರು. ಕನ್ನಡಕ ಒರೆಸಿಕೊಂಡರು. ‘ಯಾವ ಪಿಕ್ಚರ್ರು?’ ಅಂದರು. ಹೇಳಿದೆ. ‘ಓಹೋ!’ ಅಂದರು. ಆ ‘ಓಹೋ’ ಅನ್ನುವಲ್ಲಿಗೆ ನನ್ನ ಭಾನುವಾರ ಮುಗಿಯಿತು.

ಯಾಕೆಂದರೆ ಮಾವ ಸಿನಿಮಾ ನೋಡುವುದಿಲ್ಲ. ಹಾಜರಿ ಕರೆಯುತ್ತಾರೆ. ಪರದೆ ಮೇಲೆ ಒಂದು ಮುಖ ಕಂಡಿತೋ ಇಲ್ಲವೋ, ಬಲಗೈ ತೋರುಬೆರಳು ಮೇಲೇಳುತ್ತದೆ, ಗಂಟಲು ಸರಿಹೋಗುತ್ತದೆ, ಆಮೇಲೆ ತೀರ್ಪು ಬರುತ್ತದೆ: ‘ಇವರೂ ಹೋದ್ರು.’ ಬರೀ ಹೋದ್ರು ಅಂದು ಬಿಟ್ಟರೆ ಸಹಿಸಿಕೊಳ್ಳಬಹುದು. ದಿನಾಂಕ ಹೇಳುತ್ತಾರೆ. ಯಾವ ತಿಂಗಳು, ಯಾವ ವರ್ಷ, ಆ ದಿನ ತಾವು ಎಲ್ಲಿದ್ದರು, ಸುದ್ದಿ ಯಾರು ಹೇಳಿದರು, ಅವರೂ ಈಗ ಇದ್ದಾರೋ ಇಲ್ಲವೋ, ಎಲ್ಲ. ಗ್ಯಾಸ್ ಬುಕ್ ಮಾಡಿದ್ದು ಯಾವಾಗ ಅಂತ ಕೇಳಿದರೆ ತಲೆ ಕೆರೆದುಕೊಳ್ಳುವ ಮನುಷ್ಯನಿಗೆ ಈ ಒಂದು ವಿಷಯದಲ್ಲಿ ಮಾತ್ರ ಒಂದು ದಿನವೂ ಹೆಚ್ಚುಕಮ್ಮಿ ಆಗುವುದಿಲ್ಲ.

‘ನಾಗರಹಾವು’ ಬಂದದ್ದು 1972ರಲ್ಲಿ. ಶುರುವಿನಲ್ಲೇ ಕಾಪಿ ಹೊಡೆದ ರಾಮಾಚಾರಿಯನ್ನು ಪ್ರಿನ್ಸಿಪಾಲರು ಹಿಡಿಯುತ್ತಾರೆ. ಅವನು ರಾತ್ರಿ ಬಂದು ಅವರನ್ನು ಕಂಬಕ್ಕೆ ಕಟ್ಟಿಹಾಕುತ್ತಾನೆ. ಚಿಕ್ಕವಳಿದ್ದಾಗ ನಾನು ಆ ದೃಶ್ಯಕ್ಕೆ ಬಿದ್ದು ಬಿದ್ದು ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಪಾಪ, ಆ ಮನುಷ್ಯ ಏನು ತಪ್ಪು ಮಾಡಿದ್ದರು? ಕಾಪಿ ಹೊಡೆಯುವವನನ್ನು ಹಿಡಿಯುವುದು ಅವರ ಕೆಲಸ ಅಲ್ವಾ? ಈ ವಯಸ್ಸಿನಲ್ಲಿ ರಾತ್ರಿ ಹೊತ್ತು ಅಂಗಿಯಿಲ್ಲದೆ ಕಂಬಕ್ಕೆ ಒರಗಿ ನಿಂತರೆ ಸೊಂಟದ ಗತಿ ಏನು ಅಂತ ಯೋಚಿಸುತ್ತಿದ್ದೆ. ಹಳೇ ಸಿನಿಮಾ ಎರಡನೇ ಸಲ ನೋಡುವುದರಲ್ಲಿ ನನಗೆ ಇರುವ ರುಚಿಯೇ ಇದು. ಸಿನಿಮಾ ಅದೇ, ನಾವು ಮಾತ್ರ ಪಕ್ಷ ಬದಲಾಯಿಸಿರುತ್ತೇವೆ. ಇದನ್ನು ಯಾರಿಗಾದರೂ ಹೇಳೋಣ ಅಂತ ತಿರುಗಿದರೆ ಬೆರಳು ಆಗಲೇ ಮೇಲಿತ್ತು.

‘ಲೋಕನಾಥ್. ಉಪ್ಪಿನಕಾಯಿ ಲೋಕನಾಥ್. 2018, ಡಿಸೆಂಬರ್ 31.’

‘ಗೊತ್ತು ಮಾವ.’

‘ವರ್ಷದ ಕೊನೇ ದಿನ. ಒಂದು ರಾತ್ರಿ ಕಳೆದಿದ್ರೆ 2019 ಆಗ್ತಿತ್ತು.’

ಆಗಿದ್ದರೆ ಏನಾಗುತ್ತಿತ್ತು ಅಂತ ನಾನು ಕೇಳಲಿಲ್ಲ. ಕೇಳಿದರೆ ‘ಭೂತಯ್ಯನ ಮಗ ಅಯ್ಯು’ ಶುರುವಾಗುತ್ತದೆ. ಅದು 1974ರ ಸಿನಿಮಾ. ಅದರಲ್ಲಿ ಉಪ್ಪಿನಕಾಯಿ ಸವಿಯುವ ದೃಶ್ಯದಿಂದ ಲೋಕನಾಥ್ ಅವರಿಗೆ ಆ ಹೆಸರು ಅಂಟಿದ್ದು. ಅಲ್ಲಿಂದ ಲೋಕೇಶ್, 2004. ಅಲ್ಲಿಂದ ಭೂತಯ್ಯ ಆಗಿದ್ದ ಎಂ.ಪಿ. ಶಂಕರ್, 2008. ಒಂದು ಸಿನಿಮಾದ ಬಾಗಿಲು ತೆಗೆದರೆ ಪಕ್ಕದ ಸಿನಿಮಾದ ಬಾಗಿಲೂ ತೆರೆದುಕೊಳ್ಳುತ್ತದೆ. ಇತ್ತ ರಾಮಾಚಾರಿ ಕೋಟೆ ಹತ್ತಿ, ಇಳಿದು, ಹಾಡು ಹೇಳಿ, ಇನ್ನೊಂದು ಜಗಳವನ್ನೂ ಆಡಿ ಮುಗಿಸಿರುತ್ತಾನೆ.

ಅವತ್ತು ಮಾವ ಒಂದು ಸಂಶೋಧನೆಯನ್ನೂ ಮಂಡಿಸಿದರು. ‘ಈ ಪಿಕ್ಚರಿನವರಿಗೆ ಡಿಸೆಂಬರ್ ಆಗಿಬರಲ್ಲ’ ಅಂದರು. ಬೆರಳು ಮಡಚಿ ಎಣಿಸಿದರು. ರಾಮಾಚಾರಿ ಆಗಿದ್ದ ವಿಷ್ಣುವರ್ಧನ್, 2009, ಡಿಸೆಂಬರ್ 30. ಲೋಕನಾಥ್, ಹೇಳಿದ್ದಾಯಿತು. ರಾಮಾಚಾರಿಯ ಗೆಳೆಯ ಆಗಿದ್ದ ಶಿವರಾಂ, 2021, ಡಿಸೆಂಬರ್ 4. ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರ ಹೆಂಡತಿ ಆಗಿದ್ದ ಲೀಲಾವತಿ, 2023, ಡಿಸೆಂಬರ್ 8. ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಅಷ್ಟು ಹೊತ್ತಿಗೆ ಸೈಕಲ್ ಹಿಡಿದು ಜಲೀಲ ಬಂದ. ನಾನು ಆಸೆಯಿಂದ ಮಾವನ ಮುಖ ನೋಡಿದೆ.

‘ಅಂಬರೀಶ್ ಮಾತ್ರ ನವೆಂಬರ್ 24’ ಅಂದರು. ‘ಅವರು ಯಾವಾಗ ಯಾರ ಮಾತು ಕೇಳಿದ್ರು?’

ಇದಕ್ಕೆ ನನಗೂ ನಗು ಬಂತು. ಅದೇ ಎಡವಟ್ಟಾಯಿತು. ಕೇಳುವವರು ನಕ್ಕರೆ ಮಾವನಿಗೆ ಹುರುಪು ಜಾಸ್ತಿ.

ಇನ್ನು ರಾಜ್‌ಕುಮಾರ್ ಸಿನಿಮಾ ಆದರಂತೂ ಕೇಳುವುದೇ ಬೇಡ. ಅವರು ಪರದೆಗೆ ಬಂದ ಕೂಡಲೇ ಮಾವ 2006ರ ಏಪ್ರಿಲ್ 12ಕ್ಕೆ ಹೋಗುತ್ತಾರೆ. ಊರೆಲ್ಲ ಬಂದ್ ಆದದ್ದು, ಬಸ್ಸು ನಿಂತದ್ದು, ಆಫೀಸಿನಿಂದ ಮನೆವರೆಗೆ ನಡೆದುಕೊಂಡೇ ಬಂದದ್ದು. ನಾನು ಮೊದಲ ಸಲ ಕೇಳಿದಾಗ ಅದು ಮೂರು ಕಿಲೋಮೀಟರ್ ಇತ್ತು. ಈಗ ಹನ್ನೊಂದಕ್ಕೆ ಬಂದು ನಿಂತಿದೆ. ಆಫೀಸೂ ಅಲ್ಲೇ ಇದೆ, ಮನೆಯೂ ಅಲ್ಲೇ ಇದೆ. ನಡುವಿನ ರಸ್ತೆ ಮಾತ್ರ ವರ್ಷ ವರ್ಷ ಬೆಳೆಯುತ್ತಿದೆ.

ಆದರೆ ಇವೆಲ್ಲ ಏನೂ ಅಲ್ಲ. ನಾನು ಇವತ್ತಿಗೂ ಮರೆಯಲಾರದ್ದು ‘ಕಸ್ತೂರಿ ನಿವಾಸ’ ನೋಡಿದ ದಿನ.

1971ರ ಸಿನಿಮಾ, ಕಪ್ಪುಬಿಳುಪು. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಥಿಯೇಟರಿಗೆ ಬಿಟ್ಟಿದ್ದರು. ನನಗೆ ಕಪ್ಪುಬಿಳುಪಿನದೇ ಇಷ್ಟ. ಕೊಡುಗೈ ದೊರೆ ರವಿವರ್ಮ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಕೊನೆಗೆ ಮನೆಗೆ ಬಂದ ಅತಿಥಿಗೆ ಊಟ ಹಾಕಲು ಕಾಸಿಲ್ಲದೆ, ಪ್ರೀತಿಯಿಂದ ಸಾಕಿದ್ದ ಪಾರಿವಾಳ ಮಾರುತ್ತಾನೆ. ಅತಿಥಿ ಬಂದದ್ದೇ ಆ ಪಾರಿವಾಳ ಕೇಳುವುದಕ್ಕೆ. ಇಷ್ಟು ಗೊತ್ತಿದ್ದೂ, ಏನಾಗುತ್ತೆ ಅಂತ ಬಾಯಿಪಾಠ ಇದ್ದೂ, ಪ್ರತಿ ಸಲ ಗಂಟಲು ಕಟ್ಟುತ್ತದೆ. ಜೊತೆಗೆ ಈಗೀಗ ಸ್ವಲ್ಪ ಸಿಟ್ಟೂ ಬರುತ್ತದೆ. ಅಲ್ಲಪ್ಪಾ ರವಿವರ್ಮ, ಮನೆಯಲ್ಲಿ ಏನೂ ಇಲ್ಲ ಅಂತ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ? ತಿಂಗಳ ಕೊನೆಯಲ್ಲಿ ನಾವೆಲ್ಲ ಹೇಳುವುದಿಲ್ಲವೇ? ಆದರೂ ಕಣ್ಣು ತುಂಬಿತ್ತು. ಆಗ ಕೇಳಿಸಿತು:

‘ಆ ಪಾರಿವಾಳವೂ ಹೋಗಿರುತ್ತೆ.’

ತಮಾಷೆಗೆ ಹೇಳಿದರು ಅಂದುಕೊಂಡೆ. ಮುಖ ನೋಡಿದರೆ ತಮಾಷೆಯ ಗುರುತೇ ಇಲ್ಲ. ಹುಬ್ಬು ಗಂಟಿಕ್ಕಿತ್ತು. ದಿನಾಂಕ ಸಿಗುತ್ತಿಲ್ಲ ಅನ್ನುವ ಸಂಕಟ ಅದು. ‘1971 ಅಲ್ವಾ?’ ಅಂದರು. ‘ಶೂಟಿಂಗ್ ಆಗುವಾಗ ಅದಕ್ಕೆ ಒಂದೆರಡು ವರ್ಷ ಆಗಿರಬಹುದು.’ ಪಾರಿವಾಳ ಎಷ್ಟು ವರ್ಷ ಬದುಕುತ್ತದೆ ಅಂತ ನನ್ನ ಮಗಳನ್ನು ಕೇಳಿದರು. ಅವಳಿಗೆ ಇಂಥ ಕೆಲಸ ಅಂದರೆ ಪ್ರಾಣ. ತಕ್ಷಣ ಫೋನು ತೆಗೆದು, ಸಾಕಿದ್ದಾದರೆ ಹತ್ತು ಹದಿನೈದು ವರ್ಷ ಬದುಕಬಹುದು ಅಂತ ಓದಿ ಹೇಳಿದಳು. ‘ಹಾಗಾದ್ರೆ ಎಂಬತ್ತೈದರ ಒಳಗೆ’ ಅಂತ ಮಾವ ಷರಾ ಬರೆದರು.

ಅತ್ತೆ ಒಳಗಿನಿಂದ ಬಂದರು. ಇವರಾದರೂ ಸುಮ್ಮನಾಗಿಸುತ್ತಾರೆ ಅಂತ ಕಾದೆ. ಅತ್ತೆ ಹೇಳಿದ್ದು: ‘ಒಂದೇ ಪಾರಿವಾಳ ಅಂತ ಹೇಗೆ ಹೇಳ್ತೀರಿ? ಸಿನಿಮಾದವರು ಎರಡು ಮೂರು ಇಟ್ಕೊಂಡಿರ್ತಾರೆ.’ ಮಾವನಿಗೆ ಇದು ಹೊಳೆದಿರಲೇ ಇಲ್ಲ. ವಿಡಿಯೋ ಹಿಂದಕ್ಕೆ ತಿರುಗಿಸು ಅಂದರು. ತಿರುಗಿಸಿದೆವು. ಪಾರಿವಾಳ ಬಂದಾಗೆಲ್ಲ ನಿಲ್ಲಿಸಿ, ದೊಡ್ಡದು ಮಾಡಿ, ಕುತ್ತಿಗೆಯ ಹತ್ತಿರ ಏನಾದರೂ ಗುರುತಿದೆಯಾ ಅಂತ ಮೂರು ತಲೆಮಾರಿನವರು ಟಿ.ವಿ.ಗೆ ಮೂಗು ತಾಗಿಸಿ ನೋಡಿದರು. ಪಕ್ಕದಲ್ಲೇ ರಾಜ್‌ಕುಮಾರ್ ಕಣ್ಣೀರು ತುಂಬಿಕೊಂಡು ನಿಂತಿದ್ದಾರೆ. ಅವರನ್ನು ಕೇಳುವವರಿಲ್ಲ. ಜಯಂತಿ ನಿಂತಿದ್ದಾರೆ, 2021, ಜುಲೈ. ಅದನ್ನೂ ಮಾವ ಆ ಗಡಿಬಿಡಿಯಲ್ಲೇ ಒಂದು ಕೈಯಲ್ಲಿ ಹೇಳಿ ಮುಗಿಸಿದರು. ಕೊನೆಗೆ, ಒಂದೇ ಪಾರಿವಾಳ ಇರಲೂಬಹುದು, ಎರಡಿರಲೂಬಹುದು, ಎಷ್ಟಿದ್ದರೂ ಈಗ ಇಲ್ಲ ಅಂತ ತೀರ್ಮಾನವಾಯಿತು. ನನ್ನ ಕಣ್ಣೀರು ಯಾವಾಗ ಆರಿಹೋಯಿತೋ ನನಗೇ ತಿಳಿಯಲಿಲ್ಲ.

ಅದಾದ ಮೇಲೆ ನಮ್ಮ ಮನೆಯಲ್ಲಿ ಪ್ರಾಣಿಗಳಿಗೂ ಹಾಜರಿ ಉಂಟು. ‘ಬಂಗಾರದ ಮನುಷ್ಯ’ದ ಎತ್ತು, ‘ಗಂಧದ ಗುಡಿ’ಯ ಆನೆ. ಆನೆ ಬಂದಾಗ ಮಾವ ಸ್ವಲ್ಪ ತಡವರಿಸಿದರು. ಆನೆಗೆ ಆಯಸ್ಸು ಜಾಸ್ತಿ, ಇದ್ದರೂ ಇರಬಹುದು ಅಂದರು. ಆ ಸಿನಿಮಾದಲ್ಲಿ ಮಾವ ಭರವಸೆಯಿಂದ ಮಾತಾಡಿದ್ದು ಅದೊಂದು ಆನೆಯ ಬಗ್ಗೆ ಮಾತ್ರ.

ಒಮ್ಮೆ ಬದುಕಿರುವವರನ್ನೂ ಕಳಿಸಿಬಿಟ್ಟರು. ಹಿರಿಯ ನಟಿ. ಹೆಸರು ಬೇಡ, ಅವರು ನೂರು ಕಾಲ ಬಾಳಲಿ. ಬೆರಳೆತ್ತಿ ವರ್ಷ ಸಮೇತ ಹೇಳಿದರು. ಮಗಳು ಫೋನು ನೋಡಿ, ಇಲ್ಲ ತಾತ, ಚೆನ್ನಾಗಿದ್ದಾರೆ, ಮೊನ್ನೆ ಯಾವುದೋ ಸಮಾರಂಭಕ್ಕೂ ಬಂದಿದ್ದರು ಅಂದಳು. ಸಂತೋಷ ಪಡಬೇಕಲ್ಲವೇ? ಮಾವ ಫೋನನ್ನೇ ಅನುಮಾನದಿಂದ ನೋಡಿದರು. ‘ಸರಿಯಾಗಿ ನೋಡು’ ಅಂದರು. ಅವಳು ಫೋಟೋ ತೋರಿಸಿದಳು. ಆ ನಟಿ ಹಾರ ಹಾಕಿಸಿಕೊಂಡು ನಗುತ್ತಾ ಕೂತಿದ್ದಾರೆ. ಮಾವ ಹಾರವನ್ನೇ ದಿಟ್ಟಿಸಿ, ‘ಹಾರ ಹಾಕಿದಾರಲ್ಲ’ ಅಂದರು.

ಮಾವನೊಬ್ಬರೇ ಆಗಿದ್ದರೆ ಹೇಗೋ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದಿತ್ತು. ಸಿನಿಮಾ ಹಾಕುವವರ ಕೈಚಳಕ ಬೇರೆ ಇದೆ. ಆ ಕಾಲದ ಪರದೆಗೆ ತೆಗೆದ ಚಿತ್ರವನ್ನು ಈಗಿನ ಉದ್ದ ಟಿ.ವಿ.ಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸುತ್ತಾರೆ. ‘ನಾಗರಹಾವು’ ಸಿನಿಮಾದ ಓಬವ್ವನ ಭಾಗವನ್ನೇ ನೋಡಿ. ಜಯಂತಿ ಕಿಂಡಿಯ ಪಕ್ಕ ನಿಂತು ಒನಕೆ ಎತ್ತುತ್ತಾರೆ. ಎತ್ತಿದ ಒನಕೆ ಪರದೆಯ ಹೊರಗೆ ಹೋಗುತ್ತದೆ. ಜಯಂತಿ ಬರಿಗೈ ಮೇಲೆ ಮಾಡಿ ಯಾವುದೋ ವ್ಯಾಯಾಮ ಮಾಡುತ್ತಿದ್ದಾರೆ ಅನ್ನಬೇಕು. ಕಿಂಡಿಯಿಂದ ಶತ್ರುವಿನ ತಲೆ ಹೊರಗೆ ಬರುವ ಜಾಗದಲ್ಲಿ ವಿಡಿಯೋದವರ ಮುದ್ರೆ ಕೂತಿದೆ. ಹಾಗಾಗಿ ಓಬವ್ವ, ಕಾಣದ ಒನಕೆಯಲ್ಲಿ ಕಾಣದ ತಲೆಗೆ ಹೊಡೆಯುತ್ತಾಳೆ. ಇಡೀ ಚಿತ್ರದುರ್ಗ ಉಳಿದದ್ದು ಹೇಗೆ ಅಂತ ಮಗಳಿಗೆ ನಾನು ಬಾಯಲ್ಲಿ ವಿವರಿಸಬೇಕಾಯಿತು.

ಜಾಹೀರಾತಿನ ವಿಷಯ ನಿಮಗೂ ಗೊತ್ತೇ ಇದೆ, ಅದನ್ನು ಬೆಳೆಸುವುದಿಲ್ಲ. ಬೆಟ್ಟದ ತುದಿಯಲ್ಲಿ ರಾಮಾಚಾರಿಯೂ ಮೇಷ್ಟ್ರೂ ಎದುರುಬದುರು ನಿಂತ ಆ ಹೊತ್ತಿಗೇ ಒಬ್ಬ ಹುಡುಗ ಓಡಿಬಂದು ಐದು ನಿಮಿಷದಲ್ಲಿ ಸಾಲ ಕೊಡುತ್ತೇನೆ ಅಂದ. ಅಷ್ಟೇ ಹೇಳುತ್ತೇನೆ.

ಇನ್ನೊಂದು ಸಿಟ್ಟು ಟೈಟಲ್ಲಿನದು. ಹಳೇ ಸಿನಿಮಾ ಹಾಕುವವರು ಅನೇಕರು ಟೈಟಲ್ ಕಾರ್ಡನ್ನೇ ಕತ್ತರಿಸಿ ಎಸೆಯುತ್ತಾರೆ. ನೇರ ಕಥೆಯೊಳಗೆ ಬಿದ್ದುಬಿಡಬೇಕು. ‘ಹಾವಿನ ದ್ವೇಷ’ ಬರೆದವರು ವಿಜಯನಾರಸಿಂಹ, ಅದಕ್ಕೆ ರಾಗ ಹಾಕಿದವರು ವಿಜಯಭಾಸ್ಕರ್ ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು? ತ.ರಾ.ಸು. ಅವರ ಮೂರು ಕಾದಂಬರಿ ಸೇರಿ ಈ ಒಂದು ಸಿನಿಮಾ ಆಯಿತು. ಅದಕ್ಕೂ ಒಂದು ಸಾಲಿನ ಜಾಗ ಇಲ್ಲ. ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ‘ಚಂದಾದಾರರಾಗಿ’ ಅಂತ ಗಂಟೆ ಬಾರಿಸಲು ಜಾಗ ಇದೆ.

ಮಗಳದು ಬೇರೆಯದೇ ಕಾಟ. ಅವಳಿಗೆ ಹಳೇ ಸಿನಿಮಾ ನಿಧಾನ. ‘ಅಮ್ಮಾ, ಇವರು ಬಾಗಿಲಿನಿಂದ ಕುರ್ಚಿಗೆ ಬರೋದನ್ನ ಪೂರ್ತಿ ತೋರಿಸ್ತಾರಲ್ಲ’ ಅನ್ನುತ್ತಾಳೆ. ಹೌದು, ತೋರಿಸುತ್ತಾರೆ. ಮೇಷ್ಟ್ರಾಗಿದ್ದ ಕೆ.ಎಸ್. ಅಶ್ವಥ್ ಅವರು ಬಾಗಿಲಿನಿಂದ ಕುರ್ಚಿಗೆ ಬರುವುದನ್ನು ನೋಡಬೇಕು. ಶಾಲು ಹೆಗಲ ಮೇಲೆ ಎಳೆದುಕೊಂಡು, ಯಾರ ಮೇಲೋ ಇದ್ದ ಕೋಪವನ್ನು ಅಷ್ಟು ದೂರದಲ್ಲೇ ಅರ್ಧ ಇಳಿಸಿಕೊಂಡು ಬಂದು ಕೂರುತ್ತಾರೆ. ಅದೇ ನಟನೆ. ಅವಳಿಗೆ ತಾಳ್ಮೆ ಎಲ್ಲಿದೆ? ನಾನು ನೀರು ಕುಡಿದು ಬರುವಷ್ಟರಲ್ಲಿ ವೇಗವನ್ನು ಒಂದೂವರೆ ಪಟ್ಟು ಮಾಡಿಟ್ಟಿದ್ದಳು. ಆಗ ಬರುತ್ತಿದ್ದದ್ದು ಯಾವ ಹಾಡು ಅಂತೀರಿ? ‘ಬಾರೇ ಬಾರೇ’. ಪುಟ್ಟಣ್ಣ ಕಣಗಾಲ್ ಆ ಹಾಡನ್ನು ಸ್ಲೋ ಮೋಷನ್‌ನಲ್ಲಿ ತೆಗೆದದ್ದು ಆಗಿನ ಕಾಲಕ್ಕೆ ದೊಡ್ಡ ಮಾತಾಗಿತ್ತು. ಸೆರಗು ತೇಲಿ ಬರಬೇಕು, ಕೂದಲು ನಿಧಾನಕ್ಕೆ ಹಾರಬೇಕು ಅಂತ 1972ರಲ್ಲಿ ಅವರು ಅಷ್ಟು ಕಷ್ಟಪಟ್ಟು ನಿಧಾನ ಮಾಡಿದ್ದನ್ನು ಇವಳು ಒಂದು ಬೆರಳಲ್ಲಿ ಸರಿ ಮಾಡಿದ್ದಾಳೆ! ಆರತಿ, ವಿಷ್ಣುವರ್ಧನ್ ಇಬ್ಬರೂ ಬಸ್ಸಿಗೆ ಹೊತ್ತಾದವರ ನಡಿಗೆಯಲ್ಲಿ ಬೆಟ್ಟ ಇಳಿಯುತ್ತಿದ್ದಾರೆ. ಪಿ.ಬಿ. ಶ್ರೀನಿವಾಸ್ ಅವರ ದನಿಗೆ ಉಸಿರು ಬಿಡಲು ಸಮಯವಿಲ್ಲ. ‘ಈಗ ಸರಿಯಾಗಿದೆ ನೋಡು’ ಅಂದಳು. ‘2013, ಏಪ್ರಿಲ್’ ಅಂದರು ಮಾವ.

ರಾಮಾಚಾರಿಯ ಕಥೆ ಈ ಸಲ ನೋಡುವಾಗ ನನಗೆ ಇನ್ನೊಂದು ವಿಚಾರ ಕಾಡಿತು. ಎಲ್ಲ ಕೆಲಸ ಕೆಡಿಸಿದ್ದು ಚಾಮಯ್ಯ ಮೇಷ್ಟ್ರೇ ಅಲ್ವಾ? ಅಲಮೇಲುವನ್ನು ಬಿಟ್ಟುಬಿಡು ಅಂದವರು ಅವರೇ. ಮಾರ್ಗರೆಟ್ ಬೇಡ ಅಂದವರೂ ಅವರೇ. ಹುಡುಗ ಒಂದು ಸಲವೂ ಇವರ ಮಾತು ಮೀರಲಿಲ್ಲ, ಮೀರಿದ ದಿನ ಇಬ್ಬರೂ ಉಳಿಯಲಿಲ್ಲ. ತ.ರಾ.ಸು. ಅವರಿಗೇ ಈ ಸಿನಿಮಾ ಹಿಡಿಸಿರಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಅಂದಿದ್ದರು ಅನ್ನುವ ಮಾತೂ ಉಂಟು. ಇದನ್ನೆಲ್ಲ ಮಾವನಿಗೆ ಹೇಳಿದೆ. ಮಾವ ಜೀವನದಲ್ಲಿ ಮೊದಲ ಸಲ ಬೆರಳು ಇಳಿಸಿ ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. ‘ಮೇಷ್ಟ್ರಿಗೆ ಏನಾದ್ರೂ ಅಂದ್ರೆ ನಾನು ಎದ್ದು ಹೋಗ್ತೀನಿ’ ಅಂದರು. ನಾನು ಇನ್ನೂ ಸ್ವಲ್ಪ ಅಂದು ನೋಡಿದೆ. ಅವರು ಎದ್ದು ಹೋಗಲಿಲ್ಲ. ಬರೀ ಬೆದರಿಕೆ.

ಸ್ವಲ್ಪ ಹೊತ್ತಾದ ಮೇಲೆ ತಾವೇ ಮಾತು ತೆಗೆದರು. ‘ಶಿಷ್ಯ ಹೋಗಿ 19 ದಿನಕ್ಕೆ ಮೇಷ್ಟ್ರೂ ಹೋದ್ರು. 2010, ಜನವರಿ 18.’ ನಾನು ಈ ಲೆಕ್ಕ ಎಂದೂ ಹಾಕಿರಲಿಲ್ಲ. ವಿಷ್ಣುವರ್ಧನ್ ಹೋದ ಸುದ್ದಿ ನೆನಪಿದೆ. ಅದರ ಹಿಂದಿನ ದಿನವೇ ಗಾಯಕ ಸಿ. ಅಶ್ವಥ್ ಹೋಗಿದ್ದರು, ಅದೂ ನೆನಪಿದೆ. ಕೆ.ಎಸ್. ಅಶ್ವಥ್ ಅವರದು ಅಷ್ಟು ಹತ್ತಿರ ಅಂತ ಹೊಳೆದಿರಲಿಲ್ಲ. ಪರದೆ ಮೇಲೆ ಮೇಷ್ಟ್ರು ‘ರಾಮಾಚಾರೀ’ ಅಂತ ಕರೆಯುತ್ತಿದ್ದರು. ಆ ಕರೆಗೆ ಮಾವ ಏನೂ ಟಿಪ್ಪಣಿ ಸೇರಿಸಲಿಲ್ಲ.

ಇದೇ ಮಾವ ಮೊದಲು ಹೀಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರುತ್ತಿತ್ತು. ಟಿ.ವಿ. ಇದ್ದದ್ದು ಬೀದಿಗೆ ಒಂದೋ ಎರಡೋ ಮನೆಯಲ್ಲಿ. ಚಾಪೆ ಹಾಸಿಕೊಂಡು ಮುಂದೆ ನಾವು, ಹಿಂದೆ ದೊಡ್ಡವರು, ಕಿಟಕಿಯಲ್ಲಿ ಜಾಗ ಸಿಗದವರು. ಆಗಲೂ ಮಾವ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತಲೇ ಇರುತ್ತಿದ್ದರು. ಆದರೆ ಆಗ ಅವರು ಕೊಡುತ್ತಿದ್ದ ಸುದ್ದಿಯೇ ಬೇರೆ. ‘ಇವರದು ಮುಂದಿನ ತಿಂಗಳು ಹೊಸ ಪಿಕ್ಚರ್ ಬರ್ತಿದೆ.’ ‘ಇವರಿಬ್ಬರೂ ಮತ್ತೆ ಒಟ್ಟಿಗೆ ಮಾಡ್ತಾರಂತೆ.’ ‘ಇವರು ಮೊನ್ನೆ ನಮ್ಮ ಆಫೀಸಿನ ಹತ್ತಿರ ಶೂಟಿಂಗಿಗೆ ಬಂದಿದ್ರು, ನಾನೇ ನೋಡಿದೆ.’ ಪರದೆ ಮೇಲಿದ್ದ ಎಲ್ಲರೂ ಎಲ್ಲಿಗೋ ಹೊರಟವರು, ಏನೋ ಮಾಡಲಿರುವವರು. ಕಲ್ಪನಾ ಬಂದಾಗ ಮಾತ್ರ ದೊಡ್ಡವರೆಲ್ಲ ‘ಪಾಪ’ ಅನ್ನುತ್ತಿದ್ದರು. ಅವರು 1979ರಲ್ಲೇ ಹೋಗಿಬಿಟ್ಟಿದ್ದರು. ನಮಗೆ ಆ ‘ಪಾಪ’ ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ.

ಒಬ್ಬರ ವಿಷಯದಲ್ಲಿ ಮಾತ್ರ ಮಾವ ಹಾಜರಿ ಕರೆಯುವುದಿಲ್ಲ. ‘ಮಿಂಚಿನ ಓಟ’ ಹಾಕಿದ ದಿನ ನಾನು ಗಮನಿಸಿದೆ. 1980ರ ಸಿನಿಮಾ. ಅನಂತ್ ನಾಗ್, ಲೋಕೇಶ್, ಶಂಕರ್ ನಾಗ್. ಲೋಕೇಶ್ ಬಂದರು, ಬೆರಳು ಎದ್ದಿತು, ವರ್ಷ ಹೇಳಿದ್ದಾಯಿತು. ಶಂಕರ್ ನಾಗ್ ಬಂದರು. ಬೆರಳು ಏಳಲಿಲ್ಲ. ಮಾವ ಎದ್ದು ಅಡುಗೆ ಮನೆಗೆ ಹೋಗಿ ನೀರು ಕುಡಿದು ಬಂದರು. 1990ರ ಸೆಪ್ಟೆಂಬರ್ 30ನೇ ತಾರೀಕು ಅವರಿಗೆ ಗೊತ್ತಿಲ್ಲ ಅಂತಲ್ಲ. ಆಗ ಆ ಮನುಷ್ಯನಿಗೆ 36 ಕೂಡ ತುಂಬಿರಲಿಲ್ಲ. ಆ ಇಡೀ ಸಿನಿಮಾ ನಾನು ಯಾರ ಅಡ್ಡಿಯೂ ಇಲ್ಲದೆ ನೋಡಿದೆ. ನೆಮ್ಮದಿ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಇರಲಿ. ‘ನಾಗರಹಾವು’ ಆದ ಮೇಲೆ ನಾನು ಒಂದು ಉಪಾಯ ಹೂಡಿದೆ. ಎಲ್ಲರೂ ಇರುವ ಸಿನಿಮಾ ಹುಡುಕುವುದು. ಮಾವನಿಗೆ ಒಂದೇ ಒಂದು ಹೆಸರು ಸಿಗಬಾರದು. ಹೇಳಿದಷ್ಟು ಸುಲಭ ಅಲ್ಲ, ನೀವೂ ಕೂತು ಹುಡುಕಿ ನೋಡಿ. ಎಪ್ಪತ್ತರ ದಶಕ ಬಿಟ್ಟೇಬಿಟ್ಟೆ. ಎಂಬತ್ತರಲ್ಲಿ ತಡಕಾಡಿದೆ, ಎಲ್ಲಿ ನೋಡಿದರೂ ಒಬ್ಬರಲ್ಲ ಒಬ್ಬರು. ಕೊನೆಗೆ ‘ಗಣೇಶನ ಮದುವೆ’ ಹೊಳೆಯಿತು. 1990. ಅನಂತ್ ನಾಗ್ ಇದ್ದಾರೆ. ವಿನಯಾ ಪ್ರಸಾದ್ ಇದ್ದಾರೆ. ವಠಾರದ ಮಾಲೀಕ ರಮಣಮೂರ್ತಿ ಆಗಿ ಎಲ್ಲರ ಜೀವ ಹಿಂಡುವ ಮುಖ್ಯಮಂತ್ರಿ ಚಂದ್ರು ಇದ್ದಾರೆ. ಮುಖ್ಯವಾದವರೆಲ್ಲ ಭದ್ರವಾಗಿದ್ದಾರೆ. ಮಧ್ಯೆ ಸಣ್ಣಪುಟ್ಟ ಪಾತ್ರಗಳಲ್ಲಿ ಯಾರಾದರೂ ಸಿಕ್ಕಿಬಿದ್ದರೆ ನೋಡಿಕೊಳ್ಳೋಣ ಅಂತ ಧೈರ್ಯ ಮಾಡಿದೆ.

ಅದೂ ಎಂಥ ಸಿನಿಮಾ! ಗಣೇಶ, ಆದಿಲಕ್ಷ್ಮಿ ಒಂದೇ ವಠಾರದಲ್ಲಿದ್ದು ಹಾವು ಮುಂಗುಸಿಗಿಂತ ಜೋರಾಗಿ ಕಚ್ಚಾಡುವುದನ್ನು ಎಷ್ಟು ಸಲ ನೋಡಿದರೂ ಹಳಸುವುದಿಲ್ಲ. ಮೊದಲು ನೋಡುವಾಗ ನಾನು ಗಣೇಶನ ಕಡೆ ಇದ್ದೆ. ಬಾಡಿಗೆ ಮನೆ ಅನುಭವ ಆದ ಮೇಲೆ ಇಡೀ ವಠಾರದ ಕಡೆ. ಸ್ವಂತ ಮನೆ ಕಟ್ಟಿಸಿದವರು ಒಬ್ಬರು ಮಾತ್ರ ರಮಣಮೂರ್ತಿಯ ಪಕ್ಷ ವಹಿಸಿದ್ದನ್ನು ಕೇಳಿದ್ದೇನೆ. ಅವರ ಜೊತೆ ನಾನು ಮಾತು ಕಮ್ಮಿ ಮಾಡಿದ್ದೇನೆ.

ಮಾವ ಕೂತರು. ಕನ್ನಡಕ ಒರೆಸಿದರು. ನಾನು ಗೆದ್ದೆ ಅಂತ ಒಳಗೊಳಗೇ ಹಿಗ್ಗುತ್ತಾ ಒತ್ತಿದೆ. ಏನು ಗ್ರಹಚಾರವೋ, ಎಲ್ಲ ಕಡೆ ಕತ್ತರಿಸಿ ಎಸೆಯುವ ಟೈಟಲ್ ಕಾರ್ಡು ಈ ಪ್ರಿಂಟಿನಲ್ಲಿ ಸಲೀಸಾಗಿ ಇತ್ತು. ಒಂದೊಂದೇ ಹೆಸರು ಬರತೊಡಗಿತು. ಮಾವ ಮುಂದಕ್ಕೆ ಬಾಗಿದರು. ‘ಸಂಗೀತ: ರಾಜನ್-ನಾಗೇಂದ್ರ’ ಅಂತ ಬಂತು.

ಬೆರಳು ಎದ್ದಿತು. ‘ನಾಗೇಂದ್ರ 2000, ರಾಜನ್ 2020. ತಮ್ಮ ಮೊದಲು, ಅಣ್ಣ ಆಮೇಲೆ.’

ಒಂದೇ ಸಾಲಿಗೆ ಎರಡು ಹೆಸರು. ಮಾವನ ಮುಖದಲ್ಲಿ ಆ ತೃಪ್ತಿ ನೀವು ನೋಡಬೇಕಿತ್ತು. ಆದರೆ ನ್ಯಾಯವಾಗಿ ಹೇಳಬೇಕು, ಅದಾದ ಮೇಲೆ ಕಥೆ ಶುರುವಾಗಿ ಚಂದ್ರು ಬಾಯಿ ತೆರೆದರೋ ಇಲ್ಲವೋ ಮಾವ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಡುನಡುವೆ ಒಂದಿಬ್ಬರ ಹಾಜರಿ ತಪ್ಪಿಹೋಯಿತು ಅಂತ ನನಗೆ ಅನುಮಾನ. ನಾನು ನೆನಪಿಸಲು ಹೋಗಲಿಲ್ಲ.

ಮುಂದಿನ ಭಾನುವಾರಕ್ಕೆ ‘ಬಬ್ರುವಾಹನ’ ಅಂತ ಗೊತ್ತಾಗಿದೆ. 1977ರದು. ಅರ್ಜುನನೂ ರಾಜ್‌ಕುಮಾರೇ, ಬಬ್ರುವಾಹನನೂ ರಾಜ್‌ಕುಮಾರೇ. ಅಪ್ಪ ಮಗ ಜಗಳಕ್ಕೆ ನಿಂತು ಹಾಡುವಾಗ ಒಬ್ಬರಿಗೆ ಸ್ವತಃ ರಾಜ್‌ಕುಮಾರ್ ಅವರದೇ ದನಿ, ಇನ್ನೊಬ್ಬರಿಗೆ ಪಿ.ಬಿ. ಶ್ರೀನಿವಾಸ್. ಮಗಳಿಗೆ ಆ ಹಾಡಿನ ವೇಗ ಮುಟ್ಟಿದರೆ ಕೈ ಮುರಿಯುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದೇನೆ. ಮಾವ ತಯಾರಿ ಆರಂಭಿಸಿದ್ದಾರೆ. ಬಿ. ಸರೋಜಾದೇವಿ, 2025, ಜುಲೈ, ಅಂತ ನಿನ್ನೆಯೇ ಒಂದು ಸಲ ಹೇಳಿ ಅಭ್ಯಾಸ ಮಾಡಿಕೊಂಡರು.

ನನಗೆ ಒಂದು ಕೊಕ್ಕೆ ಹೊಳೆಯಿತು. ‘ಮಾವ, ಅದರಲ್ಲಿ ಅರ್ಜುನ ಮಗನ ಕೈಯಲ್ಲಿ ಸತ್ತು ಹೋಗ್ತಾನೆ, ಆಮೇಲೆ ಎದ್ದು ಬರ್ತಾನೆ. ನಿಮ್ಮ ಹಾಜರಿಯಲ್ಲಿ ಅದನ್ನ ಹೇಗೆ ಬರ್ಕೋತೀರಿ?’ ಅಂತ ಕೇಳಿದೆ.

ಮಾವ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಯೋಚಿಸಿದರು.

‘ಅರ್ಧ ದಿನ ರಜೆ’ ಅಂದರು.